ಸೊಂಟದ ಮೇಲಿನ ಕೈ: ಮೊದಲ ಕ್ವಾರ್ಟರಿನಲ್ಲೇ ಊದಿ

ಮಾನ್ಯರೇ,

ಬ್ಯಾಸ್ಕೆಟ್‌ಬಾಲ್ ಪಂದ್ಯದಲ್ಲಿ ಡ್ರಿಬಲ್ ಮಾಡುವವನಿಗೆ, ಅಂದರೆ ಚೆಂಡು ಪುಟಿಸುತ್ತ ಸಾಗುವವನಿಗೆ, ಅವನನ್ನು ತಡೆಯುವ ಡಿಫೆಂಡರ್ ಕೈ ತಾಗಿದ ಕೂಡಲೇ ಬೆಂಚಿನಿಂದ ‘ಫೌಲ್’ ಎಂಬ ಕೂಗು ಏಳುತ್ತದೆ. ಅಂತಾರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಒಕ್ಕೂಟವಾದ ಫಿಬಾದ ನಿಯಮದ ಪ್ರಕಾರ ಬರೀ ತಾಗಿದ್ದಕ್ಕೆ ಫೌಲ್ ಇಲ್ಲ. ತಾಗಿಸಿದವನಿಗೆ ಲಾಭವಾಯಿತೇ, ಎದುರಾಳಿಯ ಓಡಾಟಕ್ಕೆ ತಡೆಯಾಯಿತೇ ಎಂದು ನೋಡಬೇಕು. ಇಷ್ಟನ್ನು ರೆಫರಿಗಳೆಲ್ಲ ಬಾಯಿಪಾಠ ಹೇಳುತ್ತಾರೆ. ಅದೇ ನಿಯಮದ ಉಳಿದ ಭಾಗ ಮಾತ್ರ ಅಂಗಳದಲ್ಲಿ ಮರೆತುಹೋಗುತ್ತದೆ: ಕೈ ಎದುರಾಳಿಯ ಮೈಮೇಲೆ ಕೂತು, ಅಲ್ಲೇ ಉಳಿದು, ಅವನ ಮುನ್ನಡೆಗೆ ಅಡ್ಡಿಯಾದರೆ ಫೌಲ್. ಬಿಟ್ಟು ಬಿಟ್ಟು ಮುಟ್ಟುತ್ತ, ತಿವಿಯುತ್ತ ಇದ್ದರೂ ಫೌಲ್, ಏಕೆಂದರೆ ಅದು ಒರಟಾಟಕ್ಕೆ ದಾರಿ. ಎದುರಾಳಿಯ ಕೈಯಲ್ಲಿ ಚೆಂಡು ಇಲ್ಲದಿದ್ದರೂ ಇದು ಅನ್ವಯಿಸುತ್ತದೆ.

ಕಷ್ಟವಿರುವುದು ನೋಡುವುದರಲ್ಲಿ. ಡ್ರಿಬ್ಲರ್ ಭುಜ ತಗ್ಗಿಸಿ ನುಗ್ಗುವಾಗ ಡಿಫೆಂಡರಿನ ಅಂಗೈ ಅವನ ಸೊಂಟದ ಮೂಳೆಯ ಮೇಲೆ ಒತ್ತುತ್ತದೆ. ನೇರ ಬುಟ್ಟಿಯತ್ತ ಬೀಳಬೇಕಿದ್ದ ಹೆಜ್ಜೆ ಒಂದಡಿ ಹೊರಕ್ಕೆ ಬೀಳುತ್ತದೆ, ಚೆಂಡಿನ ಪುಟಿತದ ಲಯ ತಪ್ಪುತ್ತದೆ. ರೆಫರಿ ಇಬ್ಬರಿಗೂ ನೇರ ಹಿಂದೆ ನಿಂತಿದ್ದರೆ ಕಾಣುವುದು ಬೆನ್ನು ಮಾತ್ರ. ಎರಡು ಹೆಜ್ಜೆ ಪಕ್ಕಕ್ಕೆ ಸರಿದು ಇಬ್ಬರ ನಡುವಿನ ಸಂದು ಕಾಣುವಂತೆ ನಿಲ್ಲಬೇಕು. ಕಣ್ಣು ಚೆಂಡಿನ ಮೇಲಲ್ಲ, ಡಿಫೆಂಡರಿನ ಕೈಮೇಲಿರಬೇಕು. ಸಂದು ಕಾಣದಿದ್ದಾಗ ಊದಿದ್ದು ಊಹೆ.

ಕೈ ತಾಗಿ ತಕ್ಷಣ ಹಿಂದೆ ಹೋಯಿತು, ಡ್ರಿಬ್ಲರ್ ವೇಗ, ಸಮತೋಲ ಕೆಡದೆ ದಾಟಿದ ಎಂದರೆ ಶಿಳ್ಳೆ ಬಾಯಲ್ಲೇ ಇರಲಿ. ಬುಟ್ಟಿಯತ್ತ ಸರಾಗವಾಗಿ ನುಗ್ಗುತ್ತಿರುವವನನ್ನು ನಿಲ್ಲಿಸಿ ಅಂಗಳದ ಗೆರೆಯಾಚೆಯಿಂದ ಚೆಂಡು ಕೊಟ್ಟರೆ ತಪ್ಪು ಮಾಡಿದ ತಂಡಕ್ಕೇ ಲಾಭ. ಹಾಗೆಯೇ, ದಾಳಿಗಾರ ಡಿಫೆಂಡರಿನ ತೋಳನ್ನು ತನ್ನ ತೋಳಿನಿಂದ ಸುತ್ತಿ ಎಳೆದು ಫೌಲ್ ಕೇಳುವ ಚಾಳಿಯೂ ಇದೆ. ಅದು ದಾಳಿಗಾರನದೇ ಫೌಲ್.

ಹೆಚ್ಚು ರಗಳೆ ಎಬ್ಬಿಸುವುದು ಅಳತೆಗೋಲು ನಡುವೆ ಬದಲಾಗುವುದು. ಮೂರು ಕ್ವಾರ್ಟರ್ ಬಿಟ್ಟ ಒತ್ತುಗೈಯನ್ನು ನಾಲ್ಕನೆಯದರಲ್ಲಿ ಹಿಡಿಯಲು ಹೊರಟರೆ, ನೋಡನೋಡುತ್ತ ಆ ಕ್ವಾರ್ಟರಿನಲ್ಲಿ ತಂಡದ ಫೌಲ್ ನಾಲ್ಕು ದಾಟುತ್ತದೆ. ಐದನೆಯದರಿಂದ ಎದುರಾಳಿಗೆ 2 ಫ್ರೀ ಥ್ರೋ, ಅಂದರೆ ಯಾರ ತಡೆಯೂ ಇಲ್ಲದೆ ಬುಟ್ಟಿಗೆ ಎಸೆಯುವ ಅವಕಾಶ. ಮೊದಲ ಎರಡು ನಿಮಿಷದಲ್ಲೇ ಎರಡೂ ಬುಟ್ಟಿಗಳ ಕಡೆ ಒಂದೇ ಅಳತೆಯಲ್ಲಿ ಹಿಡಿದರೆ ಡಿಫೆಂಡರುಗಳು ಕೈ ಹಿಂದೆಗೆದು ಕಾಲಿನಿಂದ ಕಾಯಲು ಶುರುಮಾಡುತ್ತಾರೆ. ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎ 2004–05ರ ಋತುವಿನಿಂದ ಬುಟ್ಟಿಯಿಂದ ದೂರದ ಹೊರವಲಯದಲ್ಲಿ ಹ್ಯಾಂಡ್‌ಚೆಕ್ (ಎದುರಾಳಿಯ ಮೈಮೇಲೆ ಕೈಯಿಟ್ಟು ತಡೆಯುವುದು) ಮೇಲೆ ಬಿಗಿ ಹಿಡಿದಾಗ ಚೆಂಡು ನಡೆಸುವ ಚುರುಕಾದ ಗಾರ್ಡುಗಳಿಗೆ ಜಾಗ ಸಿಕ್ಕಿದ್ದು ಹೀಗೆಯೇ.

ಸಂಜ್ಞೆಯ ಬಗ್ಗೆಯೂ ಒಂದು ಮಾತು. ಹ್ಯಾಂಡ್‌ಚೆಕ್‌ಗೆ ಅಂಗೈ ಹಿಡಿದು ಮುಂದಕ್ಕೆ ತಳ್ಳಿ ತೋರಿಸಬೇಕು, ಹಿಡಿದೆಳೆದದ್ದಕ್ಕೆ ಮಣಿಕಟ್ಟು ಹಿಡಿದು ಕೆಳಕ್ಕೆ, ಕೈಗೆ ಹೊಡೆದದ್ದಕ್ಕೆ ಮಣಿಕಟ್ಟಿನ ಮೇಲೆ ಏಟು. ಎಲ್ಲಕ್ಕೂ ಮಣಿಕಟ್ಟು ತಟ್ಟಿ ಮುಗಿಸಿದರೆ ಕೋಚ್ ತನ್ನ ಹುಡುಗನಿಗೆ ಏನು ತಿದ್ದಿಕೊಳ್ಳಲು ಹೇಳಬೇಕು?

– ಬ್ಯಾಸ್ಕೆಟ್‌ಬಾಲ್ ತೀರ್ಪುಗಾರ