ಸೀಟು ಕಿರಿದು ಮಾಡಿದವರು ಯಾರು, ಜಗಳ ಆಡುತ್ತಿರುವವರು ಯಾರು?

ಸಂಪಾದಕರಿಗೆ ನಮಸ್ಕಾರ.

ವಿಮಾನದಲ್ಲಿ ಪಕ್ಕದ ಸೀಟಿನವರು ತುಂಬಾ ದಪ್ಪ ಇದ್ದುದರಿಂದ ತಾವು ಪಟ್ಟ ಪಾಡನ್ನು ಓದುಗರೊಬ್ಬರು ಈ ಅಂಕಣದಲ್ಲಿ ಬರೆದಿದ್ದರು. ಅದಕ್ಕೆ ಇನ್ನೊಬ್ಬರು ಸಿಟ್ಟಿನಿಂದಲೇ ಉತ್ತರ ಕೊಟ್ಟರು, ದಪ್ಪ ಇರುವವರಿಗೂ ಮಾನ ಮರ್ಯಾದೆ ಇದೆ ಅಂತ. ಎರಡೂ ಪತ್ರ ಓದಿದೆ. ಇಬ್ಬರೂ ಹೇಳಿದ್ದು ನಿಜ. ಆದರೆ ಆ ಸೀಟನ್ನು ಅಷ್ಟು ಕಿರಿದಾಗಿ ಮಾಡಿಸಿ, ಇಬ್ಬರಿಂದಲೂ ಪೂರ್ತಿ ದುಡ್ಡು ತೆಗೆದುಕೊಂಡವರ ಬಗ್ಗೆ ಎರಡೂ ಪತ್ರದಲ್ಲಿ ಒಂದು ಮಾತೂ ಇರಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಅಳತೆ ನೋಡೋಣ. ಬೋಯಿಂಗ್ 737ರಲ್ಲಿ ಎಕಾನಮಿ ಸೀಟಿನ ಅಗಲ ಸುಮಾರು 17 ಇಂಚು. ಏರ್‌ಬಸ್ ಎ320ರಲ್ಲಿ ಸುಮಾರು 18. ಎರಡರಲ್ಲೂ ಸಾಲಿಗೆ ಆರು ಸೀಟು. 737ರ ಒಳಗಿನ ಅಗಲ ಸ್ವಲ್ಪ ಕಡಿಮೆ, ಆ ಒಂದು ಇಂಚಿನ ವ್ಯತ್ಯಾಸ ಅದರಿಂದ ಬಂದದ್ದು. ಇದಕ್ಕೆ ಯಾರನ್ನೂ ಜಾಸ್ತಿ ದೂರಲು ಆಗುವುದಿಲ್ಲ, ವಿಮಾನ ಇರುವುದೇ ಅಷ್ಟು. ಆದರೆ ದೊಡ್ಡ ವಿಮಾನಗಳ ಕಥೆ ಬೇರೆ. ಬೋಯಿಂಗ್ 777 ಹಾರಾಟ ಶುರು ಮಾಡಿದ 1995ರ ಹೊತ್ತಿಗೆ ಎಕಾನಮಿಯಲ್ಲಿ ಸಾಲಿಗೆ ಒಂಬತ್ತು ಸೀಟು ಇಡುವುದು ಸಾಮಾನ್ಯವಾಗಿತ್ತು, ಒಬ್ಬೊಬ್ಬರಿಗೂ 18 ಇಂಚಿಗಿಂತ ಜಾಸ್ತಿ ಜಾಗ ಸಿಗುತ್ತಿತ್ತು. ಆಮೇಲೆ ಒಂದೊಂದೇ ವಿಮಾನಯಾನ ಕಂಪನಿ ಅದೇ ಜಾಗದಲ್ಲಿ ಹತ್ತು ಸೀಟು ತೂರಿಸಿತು. ಸೀಟು 17 ಇಂಚಿಗೆ ಇಳಿಯಿತು. 787ರಲ್ಲೂ ಇದೇ ಆಯಿತು. ಸಾಲಿಗೆ ಎಂಟು ಸೀಟು ಆರಾಮವಾಗಿ ಹಿಡಿಸುವ ವಿಮಾನ ಅದು, ಈಗ ಬಹುತೇಕ ಎಲ್ಲರೂ ಒಂಬತ್ತು ಇಡುತ್ತಾರೆ. ವಿಮಾನದ ಗೋಡೆ ಒಳಕ್ಕೆ ಸರಿದಿಲ್ಲ, ಸೀಟು ಮಾತ್ರ ಕುಗ್ಗಿತು. ಇದು ಯಾರೋ ಕೂತು ಲೆಕ್ಕ ಹಾಕಿ ತೆಗೆದುಕೊಂಡ ತೀರ್ಮಾನ. 2013ರಲ್ಲಿ ವಿಮಾನ ತಯಾರಿಸುವ ಏರ್‌ಬಸ್ ಕಂಪನಿಯೇ ದೂರದ ಹಾರಾಟಗಳಲ್ಲಿ ಕನಿಷ್ಠ 18 ಇಂಚು ಇರಲೇಬೇಕು ಎಂದು ಬಹಿರಂಗವಾಗಿ ಹೇಳಿತ್ತು. ಅದರಲ್ಲಿ ಅವರ ವ್ಯಾಪಾರದ ಲೆಕ್ಕ ಇತ್ತು, ನಿಜ, ಆದರೂ ಮಾತು ಸರಿಯಾಗಿತ್ತು.

ಇನ್ನೊಂದು ವಿಷಯ ಹೆಚ್ಚಿನವರು ಗಮನಿಸುವುದಿಲ್ಲ. ಸೀಟಿನ ಅಗಲ ಅಂತ ಹೇಳುವುದು ಎರಡು ಆರ್ಮ್‌ರೆಸ್ಟ್‌ಗಳ ನಡುವಿನ ಜಾಗವನ್ನು. ಅಂದರೆ ಸೊಂಟದ ಮಟ್ಟದ ಅಳತೆ. ಭುಜ? ಗಟ್ಟಿಮುಟ್ಟಾದ ಗಂಡಸಿನ ಭುಜ 17 ಇಂಚಿನೊಳಗೆ ನಿಲ್ಲುವುದಿಲ್ಲ, ಅವನ ಮೈಯಲ್ಲಿ ಒಂದು ತೊಟ್ಟು ಕೊಬ್ಬು ಇಲ್ಲದಿದ್ದರೂ. ಮೂವರು ಸಾಧಾರಣ ಮೈಕಟ್ಟಿನ ಗಂಡಸರು ಒಂದು ಸಾಲಿನಲ್ಲಿ ಕೂತರೆ ನಡುವೆ ಇರುವವನು ಭುಜ ಮುಂದಕ್ಕೆ ಮಡಚಿಕೊಂಡೇ ಕೂರಬೇಕು. ಹಾಗಾಗಿ ಇದನ್ನು ದಪ್ಪ ಇರುವವರ ಸಮಸ್ಯೆ ಎಂದು ಕರೆಯುವುದೇ ತಪ್ಪು. ಸೀಟು ಎಲ್ಲರಿಗೂ ಕಿರಿದಾಗಿದೆ. ದಪ್ಪ ಇರುವವರಿಗೆ ಅದು ಮೊದಲು ತಟ್ಟಿತು, ಜೋರಾಗಿ ತಟ್ಟಿತು, ಅಷ್ಟೇ.

ಮತ್ತೆ ದಪ್ಪ ಇರುವವರು ಎಲ್ಲೋ ಒಬ್ಬರು ಇಬ್ಬರು ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದ ಪ್ರಕಾರ 2022ರಲ್ಲಿ ಜಗತ್ತಿನಲ್ಲಿ 250 ಕೋಟಿ ವಯಸ್ಕರ ತೂಕ ಇರಬೇಕಾದ್ದಕ್ಕಿಂತ ಜಾಸ್ತಿ ಇತ್ತು, ಅವರಲ್ಲಿ 89 ಕೋಟಿ ಜನರಿಗೆ ಬೊಜ್ಜು. 1990ರಿಂದ ಈಚೆಗೆ ಬೊಜ್ಜು ಇರುವ ವಯಸ್ಕರ ಪ್ರಮಾಣ ಎರಡು ಪಟ್ಟಿಗಿಂತ ಜಾಸ್ತಿ ಆಗಿದೆ. ಜನರ ಮೈ ಅಗಲವಾಗುತ್ತಾ ಹೋದ ಅದೇ ವರ್ಷಗಳಲ್ಲಿ ಸೀಟು ಕಿರಿದಾಗುತ್ತಾ ಬಂತು. ಇದು ಕಂಪನಿಗಳಿಗೆ ಗೊತ್ತಿರಲಿಲ್ಲ ಅಂದರೆ ಯಾರು ನಂಬುತ್ತಾರೆ?

ನನ್ನ ಅಕ್ಕನ ಮೈಕಟ್ಟು ದೊಡ್ಡದು. ಚಿಕ್ಕಂದಿನಿಂದಲೂ ಹಾಗೇ. ಅವಳ ಜೊತೆ ಪ್ರಯಾಣ ಮಾಡಿರುವುದರಿಂದ ನನಗೆ ಕೆಲವು ವಿಷಯ ಗೊತ್ತು, ಎರಡನೇ ಪತ್ರ ಬರೆದವರಿಗೂ ಗೊತ್ತಿರಬಹುದು, ಮೊದಲನೆಯವರಿಗೆ ಗೊತ್ತಿಲ್ಲ ಅನ್ನಿಸುತ್ತದೆ. ವಿಮಾನ ಹತ್ತುವ ದಿನ ಅವಳು ಬೆಳಗಿನಿಂದ ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾಳೆ, ಯಾಕೆಂದರೆ ನಡುವೆ ಎದ್ದು ಆ ಪುಟ್ಟ ಟಾಯ್ಲೆಟ್ಟಿಗೆ ಹೋಗುವುದು, ಎರಡು ಕಡೆ ಜನರನ್ನು ಎಬ್ಬಿಸುವುದು ಅವಳಿಗೆ ಬೇಡ. ಬೆಲ್ಟ್ ಸಾಲದಿದ್ದರೆ ಜೋಡಿಸುವ ಎಕ್ಸ್‌ಟೆಂಡರ್ ಕೇಳುವಾಗ ಅವಳ ದನಿ ಇಳಿದುಹೋಗುತ್ತದೆ. ಊಟದ ತಟ್ಟೆ ಇಡುವ ಮೇಜು ಪೂರ್ತಿ ಕೆಳಗೆ ಬರುವುದಿಲ್ಲ, ಹಾಗಾಗಿ ಹಸಿವಿಲ್ಲ ಅಂದುಬಿಡುತ್ತಾಳೆ. ಪಕ್ಕದಲ್ಲಿ ಅಪರಿಚಿತರು ಬಂದು ಕೂತರೆ ಕೈ ಎರಡನ್ನೂ ಎದೆಯ ಮೇಲೆ ಕಟ್ಟಿಕೊಂಡು, ಕಿಟಕಿಯ ಕಡೆಗೆ ಒತ್ತಿಕೊಂಡು, ಇಳಿಯುವವರೆಗೂ ಹಾಗೇ ಕೂತಿರುತ್ತಾಳೆ. ಪಕ್ಕದವರಿಗೆ ತೊಂದರೆ ಆಗುತ್ತಿದೆ ಅಂತ ಅವಳಿಗೆ ಗೊತ್ತಿಲ್ಲ ಅಂದುಕೊಳ್ಳಬೇಡಿ. ಆ ವಿಮಾನದಲ್ಲಿ ಅದರ ಬಗ್ಗೆ ಅವಳಷ್ಟು ಯೋಚನೆ ಮಾಡುವವರು ಬೇರೆ ಯಾರೂ ಇರುವುದಿಲ್ಲ.

ಹಾಗಂತ ಪಕ್ಕದವರ ಕಷ್ಟ ಸಣ್ಣದು ಅಂತ ನಾನು ಹೇಳುವುದಿಲ್ಲ. ಅವರೂ ಪೂರ್ತಿ ದುಡ್ಡು ಕೊಟ್ಟಿದ್ದಾರೆ. ನಾಲ್ಕೈದು ಗಂಟೆ ಒಂದೇ ಕಡೆ ವಾಲಿಕೊಂಡು ಕೂತರೆ ಸೊಂಟ ಹಿಡಿದುಕೊಳ್ಳುತ್ತದೆ, ವಯಸ್ಸಾದವರಿಗೆ, ಬೆನ್ನು ನೋವಿರುವವರಿಗೆ, ಗರ್ಭಿಣಿಯರಿಗೆ ಇನ್ನೂ ಕಷ್ಟ. ಅಪರಿಚಿತರ ಮೈ ಅಷ್ಟು ಹೊತ್ತು ತಾಗಿಕೊಂಡಿರುವುದು ಕೆಲವರಿಗೆ, ಅದರಲ್ಲೂ ಒಬ್ಬಳೇ ಪ್ರಯಾಣ ಮಾಡುವ ಹೆಣ್ಣುಮಕ್ಕಳಿಗೆ, ಸಹಿಸಲು ಆಗದ ವಿಷಯ. ಬಾಯಿ ಬಿಟ್ಟು ಹೇಳಿದರೆ ಕಲ್ಲು ಮನಸ್ಸಿನವರು ಅನ್ನಿಸಿಕೊಳ್ಳಬೇಕು, ಹೇಳದಿದ್ದರೆ ನೋವು ನುಂಗಿಕೊಳ್ಳಬೇಕು. ಅವರ ದೂರು ನ್ಯಾಯವಾದದ್ದೇ. ಅದು ಹೋಗುತ್ತಿರುವ ವಿಳಾಸ ಮಾತ್ರ ತಪ್ಪು.

ಒಂದು ಅಂಗಿ ಕೊಳ್ಳುವಾಗಲೂ ಅದರ ಕಾಲರಿನಲ್ಲಿ ಅಳತೆ ಬರೆದಿರುತ್ತದೆ. ವಿಮಾನದ ಸೀಟಿಗೆ ಅಂಗಿಯ ಎಷ್ಟೋ ಪಟ್ಟು ದುಡ್ಡು ಕೊಡುತ್ತೇವೆ, ಟಿಕೆಟ್ ಬುಕ್ ಮಾಡುವ ಹೊತ್ತಿನಲ್ಲಿ ಅದರ ಅಗಲ ಎಷ್ಟು ಅಂತ ಸಾಮಾನ್ಯವಾಗಿ ಎಲ್ಲೂ ಕಾಣಿಸುವುದಿಲ್ಲ. ಬ್ಯಾಗಿನ ಉದ್ದ, ಅಗಲ, ಎತ್ತರ, ತೂಕ ಎಲ್ಲವನ್ನೂ ಸೆಂಟಿಮೀಟರ್ ಲೆಕ್ಕದಲ್ಲಿ ಹೇಳುತ್ತಾರೆ. ಮನುಷ್ಯ ಕೂರುವ ಜಾಗದ ಅಳತೆ ಮಾತ್ರ ಹೇಳುವುದಿಲ್ಲ. ಕಾಲು ಚಾಚಲು ಜಾಗ ಜಾಸ್ತಿ ಬೇಕಾ ಅಂತ ಕೇಳಿ ಅದಕ್ಕೆ ಬೇರೆ ದುಡ್ಡು ತೆಗೆದುಕೊಳ್ಳುತ್ತಾರೆ, ಆ ಸೀಟಿನಲ್ಲೂ ಅಗಲ ಅಷ್ಟೇ ಇರುತ್ತದೆ. ಇನ್ನೂ ಒಂದು ಮಾತು, ಮೊದಲ ಸಾಲಿನಲ್ಲಿ ಮತ್ತು ಕೆಲವು ತುರ್ತು ಬಾಗಿಲಿನ ಸಾಲುಗಳಲ್ಲಿ ಮೇಜು ಆರ್ಮ್‌ರೆಸ್ಟಿನೊಳಗೆ ಇರುವುದರಿಂದ ಆ ಆರ್ಮ್‌ರೆಸ್ಟ್ ಮೇಲಕ್ಕೆ ಏಳುವುದೇ ಇಲ್ಲ, ಸೀಟೂ ಒಂದು ಚೂರು ಕಿರಿದೇ ಇರುತ್ತದೆ. ಕಾಲಿಗೆ ಜಾಗ ಇದೆ ಅಂತ ನಂಬಿ ದಪ್ಪ ಇರುವವರು ಅದೇ ಸಾಲನ್ನು ಜಾಸ್ತಿ ದುಡ್ಡು ಕೊಟ್ಟು ತೆಗೆದುಕೊಂಡು ಒದ್ದಾಡುತ್ತಾರೆ.

ಎರಡು ಟಿಕೆಟ್ ತೆಗೆದುಕೊಳ್ಳಲಿ ಬಿಡಿ, ಅನ್ನುವವರು ತುಂಬಾ ಜನ ಇದ್ದಾರೆ. ಅಮೆರಿಕದ ಹಲವು ಕಂಪನಿಗಳ ನಿಯಮ ಇದೇ. ಆರ್ಮ್‌ರೆಸ್ಟ್ ಕೆಳಗೆ ಇಳಿಯದಿದ್ದರೆ ಇನ್ನೊಂದು ಸೀಟು ಕೊಳ್ಳಬೇಕು. ಸೌತ್‌ವೆಸ್ಟ್ ಕಂಪನಿ ಎಷ್ಟೋ ವರ್ಷ ಆ ಎರಡನೇ ಸೀಟಿನ ದುಡ್ಡನ್ನು ಪ್ರಯಾಣದ ನಂತರ ವಾಪಸ್ ಕೊಡುತ್ತಿತ್ತು. 2026ರ ಜನವರಿಯಿಂದ ಅದೂ ಬಿಗಿಯಾಗಿದೆ, ಮುಂಚೆಯೇ ಕೊಳ್ಳಬೇಕು, ವಾಪಸ್ ಸಿಗುವುದು ವಿಮಾನದಲ್ಲಿ ಸೀಟು ಖಾಲಿ ಉಳಿದರೆ ಮಾತ್ರ. ದುಡ್ಡು ಇದ್ದವರಿಗೆ ಇದು ಪರಿಹಾರ ಅನ್ನಿಸಬಹುದು. ಆದರೆ ಆಸ್ಪತ್ರೆಗೋ, ಸಾವಿನ ಮನೆಗೋ ಅವಸರದಲ್ಲಿ ಹೊರಟವರು ಎರಡು ಪಟ್ಟು ದುಡ್ಡು ಎಲ್ಲಿಂದ ತರಬೇಕು? ಅದೂ ಅಲ್ಲದೆ ಎರಡು ಸೀಟು ಕೊಂಡರೂ ಕೆಲವೊಮ್ಮೆ ಕಂಪ್ಯೂಟರ್ ಎರಡನ್ನೂ ಬೇರೆ ಬೇರೆ ಸಾಲಿನಲ್ಲಿ ಕೊಡುತ್ತದೆ. ಅರ್ಧ ಮೈ ಹನ್ನೆರಡನೇ ಸಾಲಿನಲ್ಲಿ, ಇನ್ನರ್ಧ ಇಪ್ಪತ್ತನೇ ಸಾಲಿನಲ್ಲಿ ಕೂರಿಸಲು ಆಗುತ್ತದೆಯೇ?

ಕೆನಡಾ ಬೇರೆ ದಾರಿ ಹಿಡಿಯಿತು. 2008ರಲ್ಲಿ ಅಲ್ಲಿನ ಸಾರಿಗೆ ಪ್ರಾಧಿಕಾರ, ಬೊಜ್ಜಿನಿಂದಾಗಿ ಒಂದು ಸೀಟಿನಲ್ಲಿ ಕೂರಲು ಆಗದವರಿಗೆ ಮತ್ತು ಸಹಾಯಕರು ಜೊತೆಗಿರಲೇಬೇಕಾದ ಅಂಗವಿಕಲರಿಗೆ ದೇಶದೊಳಗಿನ ಪ್ರಯಾಣದಲ್ಲಿ ಎರಡನೇ ಸೀಟಿಗೆ ದುಡ್ಡು ಕೇಳಬಾರದು ಎಂದು ಏರ್ ಕೆನಡಾ, ವೆಸ್ಟ್‌ಜೆಟ್ ಕಂಪನಿಗಳಿಗೆ ಆದೇಶ ಕೊಟ್ಟಿತು. ಒಬ್ಬ ವ್ಯಕ್ತಿ, ಒಂದೇ ದರ. ಕಂಪನಿಗಳು ಮೇಲ್ಮನವಿಗೆ ಓಡಿದವು, ಅದೇ ವರ್ಷ ಅಲ್ಲಿನ ಸುಪ್ರೀಂ ಕೋರ್ಟ್ ಅದನ್ನು ಕೇಳಲೂ ಒಪ್ಪಲಿಲ್ಲ. ಇದಕ್ಕೆ ಎಷ್ಟು ಖರ್ಚು ಅಂತ ಪ್ರಾಧಿಕಾರ ಲೆಕ್ಕ ಹಾಕಿತ್ತು. ಏರ್ ಕೆನಡಾಕ್ಕೆ ಒಂದು ಟಿಕೆಟ್ಟಿಗೆ ಸುಮಾರು 77 ಸೆಂಟ್, ವೆಸ್ಟ್‌ಜೆಟ್‌ಗೆ 44 ಸೆಂಟ್. ಅಂದರೆ ಒಂದು ಡಾಲರ್ ಕೂಡ ಇಲ್ಲ. ದಪ್ಪ ಇರುವವರ ಖರ್ಚನ್ನು ನಾವು ಯಾಕೆ ಹೊರಬೇಕು ಅಂತ ಕೇಳುವವರು ಈ ಅಂಕಿಯನ್ನು ಇನ್ನೊಮ್ಮೆ ಓದಲಿ. ಅಷ್ಟು ಚಿಲ್ಲರೆಗೆ ಪಕ್ಕದವರಿಗೂ ನೆಮ್ಮದಿ ಸಿಗುತ್ತದೆ, ಆ ಎರಡನೇ ಸೀಟು ಇಬ್ಬರಿಗೂ ಉಪಕಾರ.

ತೂಕ ನೋಡಿ ದುಡ್ಡು ತೆಗೆದುಕೊಳ್ಳಲಿ ಅನ್ನುವ ವಾದವೂ ಇದೆ. ಸಮೋವಾ ಏರ್ ಎಂಬ ಪುಟ್ಟ ಕಂಪನಿ ಕಿಲೋ ಲೆಕ್ಕದಲ್ಲಿ ಟಿಕೆಟ್ ಮಾರಿ 2013ರಲ್ಲಿ ಜಗತ್ತಿಗೆಲ್ಲ ಸುದ್ದಿಯಾಗಿತ್ತು. ಅವರ ವಿಮಾನಗಳು ತೀರಾ ಚಿಕ್ಕವಾಗಿದ್ದವು, ಅಲ್ಲಿ ಒಂದೊಂದು ಕಿಲೋಗೂ ಲೆಕ್ಕ ಇತ್ತು. ದೊಡ್ಡ ವಿಮಾನದಲ್ಲಿ ಜಗಳ ಇರುವುದು ತೂಕಕ್ಕಲ್ಲ, ಅಗಲಕ್ಕೆ. ಆರೂವರೆ ಅಡಿ ಎತ್ತರದ ಮನುಷ್ಯ ನನ್ನ ಅಕ್ಕನಿಗಿಂತ ಜಾಸ್ತಿ ತೂಗಬಹುದು, ಅವನನ್ನು ಯಾರೂ ತಕ್ಕಡಿ ಹತ್ತು ಅನ್ನುವುದಿಲ್ಲ. ತೂಕಕ್ಕೆ ತಕ್ಕ ದುಡ್ಡು ಕೊಟ್ಟವರಿಗೆ ಜಾಗವೂ ಜಾಸ್ತಿ ಸಿಗುತ್ತದಾ, ಅದನ್ನು ಮೊದಲು ಹೇಳಿ. ದುಡ್ಡು ಜಾಸ್ತಿ, ಸೀಟು ಅದೇ 17 ಇಂಚು ಅಂದರೆ ಪಕ್ಕದವರಿಗೆ ಏನು ಲಾಭ ಆಯಿತು?

ಸುರಕ್ಷತೆಯ ಮಾತನ್ನೂ ಹೇಳಿಬಿಡುತ್ತೇನೆ. ತುರ್ತು ಸಂದರ್ಭದಲ್ಲಿ ಅರ್ಧದಷ್ಟು ಬಾಗಿಲುಗಳಿಂದಲೇ 90 ಸೆಕೆಂಡಿನೊಳಗೆ ಎಲ್ಲರೂ ಹೊರಬರಲು ಆಗಬೇಕು ಅನ್ನುವುದು ನಿಯಮ. ಪ್ರಯಾಣಿಕರ ಸುರಕ್ಷತೆಗಾಗಿ ಸೀಟಿಗೆ ಕನಿಷ್ಠ ಅಳತೆ ಗೊತ್ತು ಮಾಡಿ ಅಂತ ಅಮೆರಿಕದ ಸಂಸತ್ತು 2018ರಲ್ಲೇ ಅಲ್ಲಿನ ವಿಮಾನಯಾನ ಆಡಳಿತಕ್ಕೆ ಕಾನೂನಿನಲ್ಲಿ ಹೇಳಿತು, ಒಂದು ವರ್ಷದ ಗಡುವನ್ನೂ ಕೊಟ್ಟಿತು. ಅವರು ವಿಮಾನದಿಂದ ಹೊರಬರುವ ಪರೀಕ್ಷೆ ಮಾಡಿದರು, ಆದರೆ ಅದರಲ್ಲಿ ಭಾಗವಹಿಸಿದವರು 18ರಿಂದ 60 ವರ್ಷದೊಳಗಿನ ಆರೋಗ್ಯವಂತರು. ಮಕ್ಕಳಿಲ್ಲ, ವಯಸ್ಸಾದವರಿಲ್ಲ, ನಡೆಯಲು ಕಷ್ಟ ಇರುವವರಿಲ್ಲ. ಅಂಥ ವಿಮಾನವನ್ನು ನೀವು ಎಲ್ಲಾದರೂ ನೋಡಿದ್ದೀರಾ? 2022ರಲ್ಲಿ ಜನರ ಅಭಿಪ್ರಾಯ ಕೇಳಿದಾಗ 26 ಸಾವಿರಕ್ಕೂ ಜಾಸ್ತಿ ಪತ್ರ ಬಂದವು. 2023ರಲ್ಲಿ ಪ್ರಯಾಣಿಕರ ಸಂಘಟನೆಯೊಂದು ಕೋರ್ಟಿಗೆ ಹೋದರೆ, ಅಳತೆ ಗೊತ್ತು ಮಾಡಿ ಅಂತ ಬಲವಂತ ಮಾಡಲು ಆಗುವುದಿಲ್ಲ ಅಂದಿತು ಕೋರ್ಟು. ಇಷ್ಟು ದೊಡ್ಡ ದೇಶದಲ್ಲೇ ಹೀಗೆ.

ಖಾಲಿ ಸೀಟು ಬಿಡಲು ಆಗುವುದಿಲ್ಲ, ನಷ್ಟ ಆಗುತ್ತದೆ ಅನ್ನುವ ಕಂಪನಿಗಳಿಗೆ ಒಂದು ಪ್ರಶ್ನೆ. ಯುರೋಪಿನೊಳಗೆ ಹಾರುವ ಹಲವು ವಿಮಾನಗಳಲ್ಲಿ ಬಿಸಿನೆಸ್ ಕ್ಲಾಸ್ ಅಂದರೆ ಅದೇ ಎಕಾನಮಿ ಸೀಟು, ನಡುವಿನದು ಮಾತ್ರ ಖಾಲಿ. ಕೋವಿಡ್ ಕಾಲದಲ್ಲಿ ಡೆಲ್ಟಾ ಕಂಪನಿ 2021ರ ಏಪ್ರಿಲ್ ಕೊನೆಯವರೆಗೆ ನಡುವಿನ ಸೀಟು ಮಾರಲೇ ಇಲ್ಲ. ಅಂದರೆ ಮನಸ್ಸು ಮಾಡಿದರೆ ಆಗುತ್ತದೆ. ಸಾಲಿಗೆ ಆರು ಸೀಟಿನ ವಿಮಾನದಲ್ಲಿ ಎರಡೇ ಎರಡು ಸಾಲುಗಳಲ್ಲಿ ನಡುದಾರಿಯ ಒಂದು ಬದಿಗೆ ಮೂರರ ಬದಲು ಎರಡು ಸೀಟು ಇಟ್ಟರೆ ಆ ಇಬ್ಬರಿಗೂ ತಲಾ 25 ಇಂಚು ಸಿಗುತ್ತದೆ, ಮೂರು ಹದಿನೇಳು ಐವತ್ತೊಂದು, ಎರಡರಿಂದ ಭಾಗಿಸಿ ನೋಡಿ. ಇಡೀ ವಿಮಾನಕ್ಕೆ ಕಳೆದುಕೊಳ್ಳುವುದು ಎರಡು ಸೀಟು. ಆ ಸಾಲುಗಳನ್ನು ಬೇಕಾದವರಿಗೆ ಮಾಮೂಲಿ ದರಕ್ಕೇ ಕೊಡಲಿ.

ಅದು ಆಗುವವರೆಗೆ ಬುಕ್ ಮಾಡುವ ಪುಟದಲ್ಲೇ ಸೀಟಿನ ಅಗಲ, ಆರ್ಮ್‌ರೆಸ್ಟ್ ಮೇಲೆ ಏಳುತ್ತದೋ ಇಲ್ಲವೋ ಅನ್ನುವುದನ್ನು ಹಾಕಬೇಕು. ನನಗೆ ಜಾಗ ಜಾಸ್ತಿ ಬೇಕು ಅಂತ ಸುಮ್ನೆ ಒಂದು ಗುರುತು ಹಾಕುವ ಅವಕಾಶ ಅಲ್ಲೇ ಇರಬೇಕು, ಎಲ್ಲರೂ ಕೂತ ಮೇಲೆ ನಡುದಾರಿಯಲ್ಲಿ ನಿಂತು ಆ ಮಾತು ಆಡುವ ಪರಿಸ್ಥಿತಿ ಯಾರಿಗೂ ಬರಬಾರದು, ಸಿಬ್ಬಂದಿಗೂ ಬರಬಾರದು. ಬಾಗಿಲು ಮುಚ್ಚುವ ಮೊದಲೇ ಯಾವ ಸೀಟು ಖಾಲಿ ಇದೆ ಅಂತ ಅವರ ಬಳಿ ಪಟ್ಟಿ ಇರುತ್ತದೆ, ಆ ಗುರುತು ಹಾಕಿದವರ ಪಕ್ಕದ ಸೀಟನ್ನು ಎಲ್ಲಕ್ಕಿಂತ ಕೊನೆಗೆ ತುಂಬಲಿ. ಅದೂ ಆಗದೆ ವಿಮಾನ ತುಂಬಿಹೋದರೆ, ಪಕ್ಕದವರು ತಮ್ಮ ಸೀಟಿನ ಎಷ್ಟು ಭಾಗ ಬಿಟ್ಟುಕೊಟ್ಟರೋ ಅದಕ್ಕೆ ತಕ್ಕ ದುಡ್ಡನ್ನು ಅವರು ಕೇಳುವ ಮೊದಲೇ ಕಂಪನಿ ವಾಪಸ್ ಕೊಡಬೇಕು. ಕೊಡಬೇಕಾದವರು ಕಂಪನಿಯವರು, ಪಕ್ಕದಲ್ಲಿ ಕೈಕಟ್ಟಿ ಕೂತವರಲ್ಲ. ಈ ನಿಯಮ ಒಂದು ಬಂದರೆ ಉಳಿದ ಲೆಕ್ಕವನ್ನೆಲ್ಲ ಕಂಪನಿಗಳೇ ಬೇಗ ಸರಿಮಾಡಿಕೊಳ್ಳುತ್ತವೆ, ಯಾಕೆಂದರೆ ಇಷ್ಟು ದಿನ ಕಿರಿದು ಸೀಟಿನ ಖರ್ಚು ಪ್ರಯಾಣಿಕರ ಸೊಂಟದ ಮೇಲೆ ಬೀಳುತ್ತಿತ್ತು, ಆಗ ಕಂಪನಿಯವರ ಜೇಬಿನ ಮೇಲೆ ಬೀಳುತ್ತದೆ.

ಇಂತಿ,
ನಿಮ್ಮ ಪತ್ರಿಕೆಯ ಓದುಗ