ಭಾನುವಾರದ ಆಟ, ಮತ್ತೆ ಗ್ರೈಂಡಿಂಗ್ ವಿಚಾರ

ಎಲ್ಲರಿಗೂ ನಮಸ್ಕಾರ. ಭಾನುವಾರ ಸಂಜೆ 4ಕ್ಕೆ ಹುಬ್ಬಳ್ಳಿ ವಿದ್ಯಾನಗರದ ನಮ್ಮ ಮನೆಯಲ್ಲಿ ವಿಡಿಯೋ ಗೇಮ್ ಆಡಲು ಸೇರೋಣ. ಗಿರ್ಮಿಟ್, ಮಿರ್ಚಿ ನಾನು ತರಿಸುತ್ತೇನೆ.

ಒಂದು ವಿನಂತಿ ಇದೆ. ಹೊಸಬರು ಬಾಸ್ (ಆಟದ ದೊಡ್ಡ ಶತ್ರು) ಎದುರು ಸೋತು ಕೂತರೆ "ಸುಮ್ನೆ ಹೋಗಿ ಗ್ರೈಂಡ್ ಮಾಡು" ಅನ್ನಬೇಡಿ. ಗ್ರೈಂಡ್ ಅಂದರೆ ಲೆವೆಲ್, ಅಂದರೆ ಪಾತ್ರದ ಶಕ್ತಿ, ಏರಿಸಲು ಸಣ್ಣ ಶತ್ರುಗಳನ್ನೇ ಮತ್ತೆ ಮತ್ತೆ ಹೊಡೆಯುವುದು. ಹೋದ ಸಲ ಒಬ್ಬ ಹುಡುಗ ಅದನ್ನೇ ಕೇಳಿ ಎರಡು ತಾಸು ಒಂದೇ ಕಾಡಿನಲ್ಲಿ ಸುತ್ತಿದ, ಆಮೇಲೆ ಕನ್ಸೋಲ್ ಪಕ್ಕಕ್ಕಿಟ್ಟುಬಿಟ್ಟ. ನನಗೆ ತುಂಬಾ ಬೇಜಾರಾಯಿತು.

1986ರ ಮೊದಲ ಡ್ರ್ಯಾಗನ್ ಕ್ವೆಸ್ಟ್‌ನಲ್ಲಿ ನಾಯಕ ಒಬ್ಬನೇ. ಅಲ್ಲಿ ಲೆವೆಲ್ ಏರಿಸಲೇಬೇಕು. ಬ್ರೇವ್ಲಿ ಡಿಫಾಲ್ಟ್‌ ಆಟದಲ್ಲಿ ದಾರಿಯಲ್ಲಿ ಎದುರಾಗುವ ಶತ್ರುಗಳನ್ನು ಪೂರ್ತಿ ನಿಲ್ಲಿಸಬಹುದು, ದುಪ್ಪಟ್ಟೂ ಮಾಡಿಕೊಳ್ಳಬಹುದು. ಹೀಗೆ ಆಡುವವರಿಗೇ ಬಿಟ್ಟರೆ ಎಷ್ಟು ಚೆಂದ, ಅಲ್ವಾ?

ಗ್ರೈಂಡಿಂಗ್ ಖುಷಿ ನನಗೂ ಗೊತ್ತು. ಡ್ರ್ಯಾಗನ್ ಕ್ವೆಸ್ಟ್‌ನ ಮೆಟಲ್ ಸ್ಲೈಮ್ ನೆನಪಿದೆಯಲ್ಲ, ಕೊಂದರೆ ಲೆವೆಲ್ ಸರಸರ ಏರಿಸುವ ಆ ಪುಟ್ಟ ಶತ್ರು? ಎಷ್ಟು ಜೋರಾಗಿ ಹೊಡೆದರೂ ಒಂದೊಂದೇ ಪಾಯಿಂಟ್ ಇಳಿಯುತ್ತದೆ, ಇನ್ನೇನು ಸಾಯಬೇಕು ಅನ್ನುವಾಗ ಓಡಿಬಿಡುತ್ತದೆ. ಸಿಕ್ಕ ದಿನ ಹಬ್ಬ! ಆದರೆ ಆ ಖುಷಿ ತಾನಾಗಿ ಹುಡುಕಿ ಹೋದವರಿಗೆ ಮಾತ್ರ.

ಎಲ್ಲಾದರೂ ಸಿಕ್ಕಿಹಾಕಿಕೊಂಡಿದ್ದರೆ ಆ ಸೇವ್ (ಉಳಿಸಿಟ್ಟ ಆಟ) ಅಳಿಸದೆ ತನ್ನಿ. ಮೊದಲು ಶತ್ರುವಿನ ಮೇಲೆ ವಿಷ, ನಿದ್ದೆ ಮಂತ್ರ ಹಾಕಿ, ರಕ್ಷಾಕವಚ ಬದಲಿಸಿ ನೋಡೋಣ. ಚಾರ್ಜರ್ ಮರೆಯಬೇಡಿ.