ಇಪ್ಪತ್ತು ಲೀಟರ್ ಕ್ಯಾನ್ ಮತ್ತು ಸೊಂಟ ನೋವು

ಮಾನ್ಯರೇ,

ಸೊಂಟ ನೋವಿರುವವರಿಗೆ ಸಿಗುವ ಬುದ್ಧಿಮಾತು ಒಂದೇ: ‘ಬಗ್ಗಬೇಡಿ, ಮಂಡಿ ಮಡಚಿ ಎತ್ತಿ.’ ಮಾತು ಸುಳ್ಳಲ್ಲ, ಅರ್ಧ ಮಾತ್ರ. ಮಂಡಿಗಿಂತ ಮುಖ್ಯ, ಭಾರ ಮೈಯಿಂದ ಎಷ್ಟು ದೂರವಿದೆ ಎಂಬುದು. ಬೆನ್ನಿನ ಸ್ನಾಯುಗಳು ಡಿಸ್ಕ್‌ನಿಂದ (ಬೆನ್ನುಮೂಳೆಗಳ ನಡುವಿನ ಮೆತ್ತೆ) ಸುಮಾರು 5 ಸೆಂ.ಮೀ. ಹಿಂದಿರುತ್ತವೆ. 20 ಲೀಟರ್ ನೀರಿನ ಕ್ಯಾನನ್ನು 50 ಸೆಂ.ಮೀ. ಮುಂದೆ ಹಿಡಿದರೆ ಅದನ್ನು ಸರಿದೂಗಿಸಲು ಅವು ಸುಮಾರು 200 ಕೆ.ಜಿ.ಯಷ್ಟು ಎಳೆಯಬೇಕು, 25 ಸೆಂ.ಮೀ.ಗೆ ತಂದುಕೊಂಡರೆ ಅರ್ಧ ಸಾಕು. ಬಗ್ಗಿದ ಮೈಯ ಭಾರ ಬೇರೆ. ಹಾಗಾಗಿ ಕುಕ್ಕರಗಾಲಲ್ಲಿ ಕೂತರೂ ಕ್ಯಾನ್ ಮಂಡಿಗಳ ಆಚೆಯೇ ಇದ್ದರೆ ಹೆಚ್ಚೇನೂ ಲಾಭವಿಲ್ಲ.

ಬ್ರಿಟನ್ನಿನ ಕಾರ್ಮಿಕ ಸುರಕ್ಷಾ ಸಂಸ್ಥೆಯ ಮಾರ್ಗಸೂಚಿಯಲ್ಲಿ ಮೈಗೆ ಹತ್ತಿರ, ಸೊಂಟದ ಮಟ್ಟದಲ್ಲಿ ಎತ್ತಬಹುದಾದ ಭಾರ ಗಂಡಸರಿಗೆ 25 ಕೆ.ಜಿ., ಹೆಂಗಸರಿಗೆ 16. ನೆಲದಿಂದ ಎತ್ತುವುದಾದರೆ 10 ಮತ್ತು 7 ಮಾತ್ರ. ಇದು ನೋವಿಲ್ಲದವರ ಲೆಕ್ಕ. ನಮ್ಮ ಅಡುಗೆಮನೆಗಳಲ್ಲಿ ಕ್ಯಾನ್ ಕೂರುವುದು ನೆಲದ ಮೇಲೆಯೇ!

ಕ್ಯಾನ್ ತರುವವರಿಂದಲೇ ಅದನ್ನು ಮಂಡಿಗಿಂತ ಎತ್ತರದ ಗಟ್ಟಿ ಸ್ಟ್ಯಾಂಡಿನ ಮೇಲೆ ಇಡಿಸಿಕೊಳ್ಳಿ. ಬಾಯಿಗೆ ಕೈಪಂಪು ಹಾಕಿದರೆ ಕ್ಯಾನ್ ಬಗ್ಗಿಸುವುದೂ ತಪ್ಪುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ತುಂಬಿದ ಕ್ಯಾನನ್ನು ಎದೆಮಟ್ಟಕ್ಕೆ ಎತ್ತಿ ಡಿಸ್ಪೆನ್ಸರ್ ಮೇಲೆ ಬೋರಲು ಹಾಕುವುದು. ಒಳಗೆ ನೀರು ಕುಲುಕುತ್ತದೆ, ಸೊಂಟ ಅದೇ ಕ್ಷಣದಲ್ಲಿ ತಿರುಚುತ್ತದೆ. ನೋವಿರುವವರು ಆ ಕೆಲಸವನ್ನೇ ಬಿಟ್ಟುಬಿಡಬೇಕು.

ಎತ್ತಲೇಬೇಕಾದ ಹಗುರ ವಸ್ತುವಿಗೆ ಕ್ರಮ ಹೀಗೆ: ಮೊದಲು ಅಲುಗಾಡಿಸಿ ಭಾರ ನೋಡಿ. ಪಾದಗಳನ್ನು ಅದರ ಎರಡೂ ಪಕ್ಕ ಊರಿ, ಒಂದು ತುಸು ಮುಂದಿರಲಿ. ಹೊಟ್ಟೆಗೆ ತಾಗುವಷ್ಟು ಹತ್ತಿರ ಎಳೆದುಕೊಂಡು, ಉಸಿರು ಬಿಡುತ್ತಾ ಏಳಿ, ಜಗ್ಗಬೇಡಿ. ತಿರುಗುವಾಗ ಸೊಂಟ ತಿರುಚದೆ ಪಾದ ಸರಿಸಿ. ಬೀಳುವ ವಸ್ತುವನ್ನು ಹಿಡಿಯಲು ಹೋಗಬೇಡಿ, ಬಿದ್ದರೆ ಬೀಳಲಿ. ತರಕಾರಿಯನ್ನು ಎರಡು ಚೀಲಕ್ಕೆ ಹಂಚಿ ಎರಡೂ ಕೈಯಲ್ಲಿ ಹಿಡಿಯಿರಿ.

ಬೆಳಿಗ್ಗೆ ಎದ್ದ ಮೊದಲ ಗಂಟೆಯಲ್ಲಿ ಪೂರ್ತಿ ಬಗ್ಗಿ ಎತ್ತಬಾರದು. ರಾತ್ರಿಯೆಲ್ಲ ನೀರು ಹೀರಿ ಉಬ್ಬಿದ ಡಿಸ್ಕ್ ಮೇಲೆ ಆಗ ಬಗ್ಗುವಿಕೆಯ ಒತ್ತಡ ಹೆಚ್ಚು. ಹಾಲು, ಪೇಪರ್, ಕಸದ ಬುಟ್ಟಿ, ರಂಗೋಲಿ, ಎಲ್ಲವೂ ಅದೇ ಹೊತ್ತಿನಲ್ಲಿ ಬರುವುದು ನಮ್ಮ ಗ್ರಹಚಾರ. ಅಂಗಡಿಯ ಸೊಂಟದ ಬೆಲ್ಟ್ ನಂಬಿ ಹೆಚ್ಚು ಭಾರ ಎತ್ತಬೇಡಿ. ಅದು ಪೆಟ್ಟು ತಡೆಯುತ್ತದೆಂಬುದಕ್ಕೆ ಗಟ್ಟಿ ಪುರಾವೆಯಿಲ್ಲ.

ಎತ್ತಿದ ಬಳಿಕ ಕಾಲಿನ ಬಲ ಕುಂದಿದರೆ, ತೊಡೆಸಂದು ಅಥವಾ ಗುದದ ಸುತ್ತ ಮರಗಟ್ಟಿದರೆ, ಮೂತ್ರ ಕಟ್ಟಿದರೆ ಅಥವಾ ಹಿಡಿತ ತಪ್ಪಿದರೆ ಎಣ್ಣೆ ತಿಕ್ಕಿಸುತ್ತಾ ಕೂರದೆ ತಕ್ಷಣ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಬೇಕು.

ತುಂಬಿದ 14.2 ಕೆ.ಜಿ. ಗ್ಯಾಸ್ ಸಿಲಿಂಡರಿನ ಒಟ್ಟು ಭಾರ ಸುಮಾರು 30 ಕೆ.ಜಿ. ಅದಕ್ಕೆ ಚಕ್ರದ ಟ್ರಾಲಿಯೇ ಬೇಕು. ವಯಸ್ಸಾದವರಷ್ಟೇ ಇರುವ ಮನೆಗೆ 5 ಕೆ.ಜಿ. ಸಿಲಿಂಡರ್ ಆಯ್ಕೆಯೂ ಇದೆ. ನೀರಿಗೂ ಹಾಗೆಯೇ ಆಗಲಿ. ಸರಬರಾಜುದಾರರು 10 ಲೀಟರ್ ಕ್ಯಾನನ್ನೂ ಕೊಡಲಿ, ಅಪಾರ್ಟ್‌ಮೆಂಟ್ ಸಂಘಗಳು ಅದನ್ನು ಕೇಳಿ ತರಿಸಲಿ. ಲಿಫ್ಟ್ ಇಲ್ಲದ ಮೂರನೇ ಮಹಡಿಗೆ ಹೆಗಲ ಮೇಲೆ ಕ್ಯಾನ್ ಹೊತ್ತು ತರುವ ಹುಡುಗನಿಗೂ ಸೊಂಟವಿದೆ.

– ಫಿಸಿಯೊಥೆರಪಿಸ್ಟ್, ಬೆಂಗಳೂರು